ಕೇಡಿ ಪುಸ್ತಕದಲ್ಲಿ ಬಿಟ್ಟುಬಿಟ್ಟ ಹೆಸರು

ಮಹಾರಾಜರ ಕಾಲದಲ್ಲಿ ಶಿರಾ ಕಡೆಯ ಒಂದು ಪೊಲೀಸ್ ಠಾಣೆಯಲ್ಲಿ ನಾನು ರೈಟರ್ ಆಗಿದ್ದೆ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ, ವರ್ಷಕ್ಕೊಮ್ಮೆ ಕೇಡಿಗಳ ಪುಸ್ತಕವನ್ನು ಹೊಸದಾಗಿ ನಕಲು ಮಾಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಹಳೆಯದನ್ನು ನೋಡುವುದು, ಹೊಸದರಲ್ಲಿ ಬರೆಯುವುದು. ಯೋಚಿಸುತ್ತ ಕೂತರೆ ಕೆಲಸ ಸಾಗುತ್ತಿರಲಿಲ್ಲ.

ಅದರಲ್ಲಿ ಬುಕ್ಕಾಪಟ್ಟಣದ ಕಡೆಯ ಒಬ್ಬನ ಹೆಸರಿತ್ತು. ಹುಡುಗನಾಗಿದ್ದಾಗ ರಸ್ತೆ ಬದಿಯ ಸಾಲುಮರ ಹತ್ತಿ ಹುಣಸೆಹಣ್ಣು ಉದುರಿಸಿದ್ದ. ಆ ಮರಗಳ ಫಸಲನ್ನು ಸರ್ಕಾರ ಹರಾಜು ಹಾಕಿತ್ತು; ಗುತ್ತಿಗೆದಾರ ಹಿಡಿದುಕೊಟ್ಟ. ಆರು ಛಡಿ ಏಟು ಹೊಡೆಸಿ ಕಳಿಸಿದರು. ಬಾಸುಂಡೆ ವಾರದಲ್ಲಿ ಮಾಯ್ದಿರಬೇಕು. ಹೆಸರು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬರುತ್ತಲೇ ಇತ್ತು. ವಯಸ್ಸಿನ ಕಲಂನಲ್ಲಿ ನನಗಿಂತ ಹಿಂದಿನವರು ಹನ್ನೆರಡು ಎಂದು ಬರೆದಿದ್ದರು, ನಾನೂ ಹನ್ನೆರಡೆಂದೇ ಬರೆಯುತ್ತಿದ್ದೆ. ಅಷ್ಟರಲ್ಲಿ ಆ ಹುಡುಗನ ಮೀಸೆ ನರೆತು, ಮಗಳು ಮದುವೆಗೆ ಬಂದಿದ್ದಳು.

ಸುತ್ತಮುತ್ತ ಒಂದು ಕುರಿ ಕಾಣೆಯಾದರೂ ಪುಸ್ತಕ ನೋಡಿ ನಾನು ಪಟ್ಟಿ ಬರೆದುಕೊಡಬೇಕು, ತಳವಾರ ಹೋಗಿ ಕರೆತರಬೇಕು. ಕರೆಸಿದಾಗಲೆಲ್ಲ ಆ ಬುಕ್ಕಾಪಟ್ಟಣದವನು ಠಾಣೆ ಮುಂದಿನ ಹೊಂಗೆ ಮರದಡಿ ದಿನವಿಡೀ ಕೂತಿದ್ದು ಸಂಜೆಗೆ ಹೋಗುತ್ತಿದ್ದ. ಒಮ್ಮೆ ಮಿಡಿಗೇಶಿಯಿಂದ ಹೆಣ್ಣು ನೋಡಲು ಅವನ ಮನೆಗೆ ಬಂದವರು ಎಲೆ ಮುಂದೆ ಕೂತಿದ್ದಾಗಲೇ ತಳವಾರ ಬಾಗಿಲಲ್ಲಿ ನಿಂತು ಕೂಗಿದ. ಬಂದವರು ಕೈ ತೊಳೆದುಕೊಂಡು ಎದ್ದರು. ಊರ ಹಿರಿಯರು ಹೇಗೋ ಸಮಾಧಾನ ಮಾಡಿ, ಸುಗ್ಗಿಯಾದ ಮೇಲೆ ಇನ್ನೊಮ್ಮೆ ಬರಲು ಒಪ್ಪಿಸಿದರಂತೆ.

ಮಾರನೆಯ ದಿನ ಅವನು ನನ್ನ ಮೇಜಿನ ಹತ್ತಿರ ಬಂದ.

"ಬುದ್ಧಿ, ನನ್ನೆಸ್ರು ತಗ್ದಾಕ್ಬುಡಿ. ಅವ್ರು ಬಂದಾಗ ಮತ್ತೆ ಇಂಗೇ ಆದ್ರೆ ನನ್ ಮಗಳ್ನ ಯಾರ್ ಮಾಡ್ಕತಾರೆ?"

ಇನ್‌ಸ್ಪೆಕ್ಟರ್ ಸಾಹೇಬರನ್ನು ಕೇಳಿದೆ. "ಸತ್ತರೆ ತೆಗೆಯೋದು, ಇಲ್ಲದಿದ್ರೆ ಇಲ್ಲ" ಎಂದರು. ಆಗುವುದಿಲ್ಲವೆಂದು ಹೇಳಿ ಅವನನ್ನು ಕಳಿಸಿದೆ.

ಆ ವರ್ಷ ನಕಲು ಮಾಡುತ್ತ ಅವನ ಹೆಸರಿಗೆ ಬಂದೆ. ಕರುಣೆ ಉಕ್ಕಿತೆಂದು ಹೇಳಿಕೊಳ್ಳಲಾರೆ, ನನಗೂ ಸಾಕಾಗಿಹೋಗಿತ್ತು. ಅದನ್ನು ಬಿಟ್ಟು ಮುಂದಿನ ಹೆಸರು ಬರೆದೆ. ಯಾರಿಗೂ ಹೇಳಲಿಲ್ಲ, ಅವನಿಗೂ. ಸಂತೆಯಲ್ಲಿ ಸುದ್ದಿಯಾದರೆ ನನ್ನ ಕೆಲಸಕ್ಕೆ ಸಂಚಕಾರ.

ಎರಡು ಮೂರು ಕಳವುಗಳಾದವು. ತಳವಾರ ಅವನ ಮನೆ ಕಡೆ ತಲೆ ಹಾಕಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಸುಗ್ಗಿ ಮುಗಿಯಿತು. ಮತ್ತೆ ಯಾರದೋ ಕುರಿ ಹೋಯಿತು. ಬೆಳಿಗ್ಗೆ ಠಾಣೆಗೆ ಬಂದರೆ ಹೊಂಗೆ ಮರದಡಿ ಅವನೇ ಕೂತಿದ್ದಾನೆ. ನೇರ ಅವನ ಬಳಿಗೆ ಹೋದೆ.

"ಯಾರಯ್ಯಾ ಕರೆದರು ನಿನ್ನ?"

"ಯಾರೂ ಕರ್ದಿಲ್ಲ ಬುದ್ಧಿ. ನಾಳೆ ಮಿಡಿಗೇಶಿಯವ್ರು ಬತ್ತಾವ್ರೆ. ಅವ್ರ ಮುಂದೆ ಕೂಗಿಸ್ಕಳಾದ್ಯಾಕೆ ಅಂತ ಇವತ್ತೇ ಬಂದ್ಬುಟ್ಟೆ."

ಅಂದೇ ಇನ್‌ಸ್ಪೆಕ್ಟರ್ ಸಾಹೇಬರು ತನಿಖೆಗೆ ಬಂದಿದ್ದರು. ಮರದಡಿ ಕೂತವನು ಯಾರೆಂದು ಕೇಳಿದರು. ಹಳೇ ಕೇಡಿ ಎಂದ ದಫೇದಾರ. ಸಾಹೇಬರು ಪುಸ್ತಕ ತಿರುವಿದರು, ಹೆಸರು ಸಿಗಲಿಲ್ಲ.

"ಬಿಟ್ಟುಹೋಗಿದೆಯಲ್ಲಯ್ಯಾ, ಕಣ್ಣಿಗೇನಾಗಿತ್ತು? ಬರಿ."

ಬರೆದೆ. ಹೊಸದಾಗಿ ಹೆಸರು ಸೇರಿದವನ ಮನೆಯನ್ನು ಮಾರನೆಯ ದಿನವೇ ಹೋಗಿ ತಪಾಸಣೆ ಮಾಡಬೇಕೆಂಬುದು ನಮ್ಮ ಪದ್ಧತಿ. ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಗೊತ್ತುಮಾಡಿ ಸಾಹೇಬರು ಹೊರಟರು.

ಅವನು ಟವಲು ಕೊಡವಿಕೊಂಡು ಎದ್ದು ಬಂದ. "ಮುಗೀತಲ್ಲ ಬುದ್ಧಿ? ನಾಳೆ ಯಾರೂ ಬರಾಕಿಲ್ವಲ್ಲ?"

ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ. "ಹೂಂ, ಹೋಗು" ಎಂದೆ.