ನರ್ಸಬಾಯಿಯ ಅಂಗಳದಲ್ಲಿ ಒಂದು ತಾಸು

ನರ್ಸಬಾಯಿ ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದರು. ನಾಡಿ ನೋಡುವವರ ರೂಢಿ ಅದು. ನಿವೃತ್ತಿಯಾದ ಮೇಲೆ ಅದೇ ಗಡಿಯಾರ ನೋಡುತ್ತ ಒಂದು ಗಿಡದ ಮುಂದೆ ನಿಲ್ಲುತ್ತಿದ್ದರು. ಕೋಲಿಗೆ ತಲೆಕೆಳಗಾಗಿ ತೂಗುಬಿಟ್ಟ ಹಳೆಯ ಸಲೈನ್ ಬಾಟಲಿಯಿಂದ ನೀರು ತೊಟ್ಟು ತೊಟ್ಟಾಗಿ ಬುಡಕ್ಕೆ ಬೀಳುತ್ತಿತ್ತು. ನಿಮಿಷಕ್ಕೆ ಎಷ್ಟು ತೊಟ್ಟು ಎಂದು ಎಣಿಸಿ ಹೆಚ್ಚುಕಡಿಮೆ ಮಾಡುವರು. ಬೀದರಿನ ಬಿಸಿಲಿಗೆ ನಾವೆಲ್ಲ ಬಾಡಿ ಬಸವಳಿದು ಕೂತಿದ್ದರೆ, ಆ ಗಿಡ ಮಾತ್ರ ಶ್ರೀಮಂತರ ಮನೆಯ ಪೇಷಂಟಿನ ಹಾಗೆ ಸಲೈನ್ ಹಚ್ಚಿಸಿಕೊಂಡು ತಂಪಾಗಿರುತ್ತಿತ್ತು.

ನಾನು ಮೆಹಕರದ ಹುಡುಗಿ. ಮದುವೆಯಾಗಿ ಬೀದರಿಗೆ ಬಂದಾಗ ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಗೋಡೆ. ಗಂಡ ಬೆಳಿಗ್ಗೆ ಔರಾದದ ಬಸ್ಸು ಹತ್ತಿದರೆ ಕತ್ತಲಾದ ಮೇಲೆಯೇ ಮನೆಗೆ. ಅತ್ತೆ ಕೆಟ್ಟವರಲ್ಲ, ಆದರೆ ನಾನು ಮಾಡಿದ್ದೊಂದೂ ಅವರಿಗೆ ಸರಿಬರುತ್ತಿರಲಿಲ್ಲ. ರೊಟ್ಟಿ ದಪ್ಪ, ಪಲ್ಯ ಸಪ್ಪೆ, ನಡಿಗೆ ಜೋರು. ನಾನೂ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು, ಬಾಯಿ ಬಿಗಿಹಿಡಿದು ಮುಖ ಊದಿಸಿಕೊಂಡೇ ತಿರುಗುತ್ತಿದ್ದೆ. ಬಟ್ಟೆ ಒಗೆಯುವಾಗ ಗೋಡೆಯಾಚೆಯಿಂದ ನರ್ಸಬಾಯಿ, “ಊಟ ಆತೇನವ್ವ?” ಎಂದು ಕೇಳುತ್ತಿದ್ದರು. ಇಡೀ ಬೀದರಿನಲ್ಲಿ ನನ್ನನ್ನು ಹಾಗೆ ಕೇಳುತ್ತಿದ್ದವರು ಅವರೊಬ್ಬರೇ.

ಅವರ ಅಂಗಳ ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು. ಅಷ್ಟರಲ್ಲೇ ಪೇರಲ, ನಿಂಬೆ, ದಾಳಿಂಬೆ, ಸೀತಾಫಲ. ಪೇರಲದ ನೆರಳಲ್ಲಿ ಆ ಸಲೈನಿನ ಗಿಡ. ಅದರ ಹೆಸರು ಕೇಳಿದರೆ, “ಮೊದಲ ಬರ್ಲಿ, ಆಮ್ಯಾಲ ಹೇಳ್ತೇನಿ” ಅನ್ನುವರು. ಓಣಿಯವರು ನಕ್ಕಾರೆಂಬ ಅಂಜಿಕೆ ಇತ್ತೆಂದು ನನಗೆ ಗೊತ್ತಾದದ್ದು ತಡವಾಗಿ.

ಒಮ್ಮೆ ಬೇಸಿಗೆಯಲ್ಲಿ ಎರಡು ದಿನ ಔರಾದದ ತಂಗಿಯ ಮನೆಗೆ ಹೊರಟರು. “ಬಾಟ್ಲಿ ಖಾಲಿ ಆದ್ರ ತುಂಬು. ಮಂಗ ಬಂದ್ರ ಹೊಡಿ. ಮತ್ತೇನಿಲ್ಲ” ಎಂದು ಗೇಟಿನ ಕೀಲಿ ನನ್ನ ಕೈಗೆ ಕೊಟ್ಟರು. ವಾರದ ಹಿಂದೆ ಅಕಾಲದ ಮಳೆಯೊಂದು ಸುರಿದು ಹೋಗಿತ್ತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಗಿಡದ ಟೊಂಗೆಗಳೆಲ್ಲ ಬಿಳಿ ಹೂವು! ಥೇಟ್ ಮಲ್ಲಿಗೆ. ಘಮಘಮ ಅನ್ನುತ್ತಿತ್ತು. ಅಂದು ಭಾಲ್ಕಿಯಲ್ಲಿ ನೆಂಟರ ಮದುವೆ. ಹೂವಿರುವುದು ಮುಡಿಯುವುದಕ್ಕಲ್ಲದೆ ಮತ್ಯಾವುದಕ್ಕೆ? ಒಂದನ್ನೂ ಬಿಡದೆ ಕಿತ್ತೆ. ಎರಡು ಮಾಲೆ ಕಟ್ಟಿ ಒಂದನ್ನು ಅತ್ತೆಗೆ ಮುಡಿಸಿದೆ. ಅತ್ತೆ, “ವಾಸನಿ ಛಲೋ ಅದ” ಅಂದರು. ಮದುವೆಯಾಗಿ ಎಂಟು ತಿಂಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಒಳ್ಳೆಯ ಮಾತು ಅದು. ಭಾಲ್ಕಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಒಳಗೊಳಗೇ ಬೀಗಿದೆ.

ನರ್ಸಬಾಯಿ ತಿರುಗಿ ಬಂದಾಗ ನಾನು ಗೋಡೆಯ ಹತ್ತಿರವೇ ಇದ್ದೆ. ಗಿಡವನ್ನು ನೋಡಿದರು. ನನ್ನ ತಲೆಯಲ್ಲಿ ಬಾಡಿ ಕಂದಾಗಿದ್ದ ಮಾಲೆಯನ್ನು ನೋಡಿದರು.

“ಅದು ಕಾಫಿ ಗಿಡ ಅವ್ವ. ನಾಕು ವರ್ಷ ಆತು. ಹೂವು ಇದೇ ಮೊದಲು ಬಿಟ್ಟಿತ್ತು.”

ಅಷ್ಟೇ ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಗಲಲ್ಲಿ ಆ ಬಾಗಿಲು ಹಾಕಿದ್ದನ್ನು ನಾನು ಕಂಡಿರಲಿಲ್ಲ. ತರಬೇತಿಗೆಂದು ಚಿಕ್ಕಮಗಳೂರಿಗೆ ಹೋದಾಗ ಯಾರೋ ಕೊಟ್ಟ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಬೀದರಿನವರೆಗೂ ಬಸ್ಸಿನಲ್ಲಿ ತಂದಿದ್ದರಂತೆ. ಎರಡು ದಿನ ಬಾಗಿಲು ತೆರೆಯಲಿಲ್ಲ. ಹೂವು ಹೋದದ್ದಕ್ಕಿಂತ, ಇನ್ನು ಮೇಲೆ ಊಟ ಆಯಿತೇ ಎಂದು ನನ್ನನ್ನು ಕೇಳುವವರು ಯಾರೂ ಉಳಿಯಲಿಲ್ಲವಲ್ಲ ಅನ್ನುವುದೇ ಅಳು ತರಿಸುತ್ತಿತ್ತು.

ಮೂರನೆಯ ದಿನ ಅವರೇ ನಮ್ಮ ಮನೆಗೆ ಬಂದರು.

“ನಿಮ್ಮ ಸೊಸಿ ನನಗ ಭಾಳ ನುಕ್ಸಾನ ಮಾಡ್ಯಾಳ್ರಿ” ಎಂದು ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದರು.

ಅತ್ತೆ ನನ್ನತ್ತ ಕಣ್ಣು ಬಿಟ್ಟರು. “ಏನ್ ಮಾಡೂನ್ರಿ ಬಾಯಿ, ಈಕಿ ಹಿಂಗೇ. ಏನ್ ಕೊಡಬೇಕು ಹೇಳ್ರಿ.”

“ಏನೂ ಬ್ಯಾಡ್ರಿ. ದಿನಾ ಸಂಜಿಗೆ ಒಂದ್ ತಾಸು ಈಕಿನ್ನ ಕಳಸ್ರಿ. ಗಿಡಕ್ಕ ನೀರ್ ಹಾಕ್ಲಿ. ಮತ್ತ ಹೂ ಬಿಡೋ ತನಕ ಬಿಡೂದಿಲ್ಲ ನಾ.”

ಶಿಕ್ಷೆ ಎಂದುಕೊಂಡೇ ಹೋದೆ. ನೆಲ ಆಗಲೇ ಒದ್ದೆಯಾಗಿತ್ತು, ಬಾಟಲಿ ತುಂಬಿತ್ತು. “ನೀರು?” ಎಂದೆ. “ಮುಂಜಾನಿನೇ ಹಾಕೀನಿ. ನೀ ಕೂಡು” ಎಂದು ಸ್ಟೂಲು ಸರಿಸಿದರು. ಅಂದು ಸುಮ್ಮನೆ ಕೂತೆ. ಮರುದಿನ ಮಾತಾಡಿದೆ. ಹತ್ತು ದಿನಗಳಲ್ಲಿ ಅವರ ಮಾತನ್ನೂ ನಾನೇ ಆಡತೊಡಗಿದೆ. ಸುಮ್ಮನೆ ಕೂರಲಾರದ ನನ್ನ ಕೈಗೆ ಅವರು ಗೂಟಿ ಕಟ್ಟುವುದನ್ನು ಕಲಿಸಿದರು. ದಾಳಿಂಬೆ ಟೊಂಗೆಯ ಸಿಪ್ಪೆಯನ್ನು ಉಂಗುರದಷ್ಟು ಸುಲಿದು, ಒದ್ದೆ ನಾರು ಸುತ್ತಿ ಕಟ್ಟಿದರೆ ಅಲ್ಲೇ ಬೇರೊಡೆಯುತ್ತದೆ. ಎಲ್ಲರೂ ಸುತಳಿಯಿಂದ ಕಟ್ಟಿದರೆ ಇವರದು ಆಸ್ಪತ್ರೆಯ ಬ್ಯಾಂಡೇಜು. ಬೇರು ಬಂತೇನೋ ಎಂದು ನಾನು ನಾಲ್ಕು ದಿನಕ್ಕೊಮ್ಮೆ ಬಿಚ್ಚಿ ನೋಡಿದರೆ ಕೈಮೇಲೆ ಮೆಲ್ಲಗೆ ಒಂದೇಟು ಬೀಳುತ್ತಿತ್ತು.

ಮುಂದಿನ ವರ್ಷ ಗಿಡ ಮತ್ತೆ ಹೂಬಿಟ್ಟಿತು. ಚಳಿಗಾಲದಲ್ಲಿ ಕೆಂಪು ಹಣ್ಣು, ಎರಡು ಬೊಗಸೆ. ಒಣಗಿಸಿ, ಸುಲಿದು, ರೊಟ್ಟಿಯ ತವೆಯ ಮೇಲೆ ಹುರಿದು ಕುಟ್ಟಿದೆವು. ನರ್ಸಬಾಯಿ ಒಂದು ಗುಟುಕು ಕುಡಿದು ಬಹಳ ಹೊತ್ತು ಯೋಚಿಸಿ, “ಚಹಾನೇ ಛಲೋ ಅದ ನೋಡವ್ವ” ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೂವು ಬಿಟ್ಟಾಗಿತ್ತು, ಕರಾರು ಮುಗಿದಿತ್ತು. ಆದರೂ ನನ್ನ ಆ ಒಂದು ತಾಸು ಏಳು ವರ್ಷ ನಡೆಯಿತು. ಇಂದು ಜನವಾಡದ ರಸ್ತೆ ಬದಿಯಲ್ಲಿ ನನ್ನದೊಂದು ಸಣ್ಣ ನರ್ಸರಿಯಿದೆ. ಅಲ್ಲಿ ನಾನು ಬಲ್ಲ ಕೆಲಸವೆಲ್ಲ ಆ ಅಂಗಳದಲ್ಲಿ ಕಲಿತದ್ದು.

ಹೋದ ವರ್ಷ ನರ್ಸಬಾಯಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದು ನಾನೂ ಅತ್ತೆಯೂ ಬಾಗಿಲಲ್ಲಿ ಕೂತಿದ್ದೆವು. ಅತ್ತೆ ಹೇಳಿದರು:

“ಬಾಯಿ ದಿನಾ ಮುಂಜಾನಿನೇ ನೀರ್ ಹಾಕಿ ಮುಗಸ್ತಿದ್ರು. ನಮ್ಮ ಮಾಳಗಿ ಮ್ಯಾಲಿಂದ ಎಲ್ಲಾ ಕಾಣ್ತಿತ್ತು ನನಗ.”

ನಾನು ದಂಗಾದೆ. “ಮತ್ತ ಯಾಕ ಕಳಸ್ತಿದ್ರಿ ಅತ್ತಿ?”

“ಅಲ್ಲಿಂದ ನೀ ನಕ್ಕೋತ ಬರ್ತಿದ್ದಿ” ಅಂದರು. “ನನಗ ನಿನ್ನ ನಗಸಾಕ ಬರ್ತಿದ್ದಿಲ್ಲ.”

ಒಬ್ಬರಿಗೇ ಋಣಿ ಎಂದು ಅಷ್ಟು ವರ್ಷ ತಿಳಿದಿದ್ದೆ. ಮರುದಿನ ಸಂಜೆ ಜನವಾಡದ ನರ್ಸರಿಗೆ ಹೊರಟಾಗ ಅತ್ತೆಯನ್ನೂ ಗಾಡಿಯ ಹಿಂದೆ ಕೂರಿಸಿಕೊಂಡೆ.