ಶಿರಾ ಕಂದಕಕ್ಕೆ ನಾನು ಬರೆದ ಸುಳ್ಳು ಮಟ್ಟ

ನಾನು ಮಧುಗಿರಿಯವನು. ಕೋಟೆಯ ವಿಷಯದಲ್ಲಿ ಮಧುಗಿರಿಯವರಿಗೆ ಸ್ವಲ್ಪ ಜಂಬ ಜಾಸ್ತಿ. ಕಣ್ಣು ಬಿಟ್ಟಾಗಿನಿಂದ ಒಂದೇ ಬಂಡೆಯ ಬೆಟ್ಟ ತಲೆಯ ಮೇಲೆ ನಿಂತಿರುತ್ತದೆ, ಅದರ ಮೈಮೇಲೆ ಕೋಟೆ. ಪಾವಗಡದವರಿಗೂ ಚನ್ನರಾಯನದುರ್ಗದವರಿಗೂ ಇದೇ ರೋಗ. ಮಹಾರಾಜರ ಸರ್ಕಾರದಲ್ಲಿ ಸಬ್ ಓವರ್‌ಸಿಯರ್ ಕೆಲಸ ಸಿಕ್ಕಿ ನನ್ನನ್ನು ಶಿರಾಕ್ಕೆ ಹಾಕಿದಾಗ, ಬಯಲಿನಲ್ಲಿ ಕೂತಿದ್ದ ಆ ಕೋಟೆಯನ್ನು ನೋಡಿ ‘ಇದೇನು ಕೋಟೆಯೋ, ದನದ ದೊಡ್ಡಿಯೋ’ ಎಂದುಕೊಂಡೆ. ಇಪ್ಪತ್ತೆರಡು ವರ್ಷದ ಹುಡುಗಾಟಿಕೆ. ಅದಕ್ಕೆ ತಕ್ಕ ಶಾಸ್ತಿ ಬೇಗನೇ ಆಯಿತು.

ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಅಪ್ಪ ತೀರಿಕೊಂಡ ಮೇಲೆ ನನ್ನ ಸಂಬಳದಿಂದಲೇ ಒಲೆ ಉರಿಯಬೇಕಿತ್ತು. ಅಂಥ ಹೊತ್ತಿನಲ್ಲಿ ಬಂದ ಕೆಲಸ ಇದು: ಕೋಟೆಯ ಕಂದಕದಲ್ಲಿ ಕೆರೆಯ ಕಡೆಯ ಮೂಲೆಯನ್ನು ಮಣ್ಣು ಹಾಕಿ ಮುಚ್ಚಿ ಸಂತೆ ಮಾಳ ಮಾಡಬೇಕು. ಎಷ್ಟು ಮಣ್ಣು ಬೇಕೆಂದು ಅಳೆದು, ನಕ್ಷೆ ಬರೆದು, ನಮ್ಮ ಇಂಜಿನಿಯರ್ ಸಾಹೇಬರಿಗೆ ಕೊಡುವುದು ನನ್ನ ಪಾಲಿಗೆ ಬಂತು.

ಅಳೆಯುತ್ತ ಹೋದಂತೆ ನನ್ನ ಜಂಬ ಇಳಿಯಿತು. ಪಾಳೆಯಗಾರನೊಬ್ಬ ಶುರು ಮಾಡಿದ ಕೋಟೆಯಂತೆ. ಬಿಜಾಪುರದವರು ಅದನ್ನು ಗೆದ್ದು ಗಟ್ಟಿ ಮಾಡಿದರು, ಮೊಗಲರ ಸುಬೇದಾರರು ಇಲ್ಲೇ ಕೂತು ಸೀಮೆ ಆಳಿದರು, ಮರಾಠರು ಬಂದರು, ಕೊನೆಗೆ ಮೈಸೂರಿನವರು. ಇಷ್ಟು ಜನ ಬಡಿದಾಡಿದ್ದು ದನದ ದೊಡ್ಡಿಗಲ್ಲ ಎಂಬುದು ಬಾಗಿಲ ಬಳಿ ನಿಂತಾಗ ಗೊತ್ತಾಯಿತು. ಕಂದಕ ದಾಟಿದ ಕೂಡಲೇ ಬಾಗಿಲು ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಪಕ್ಕಕ್ಕೆ ತಿರುಗಬೇಕು, ಮತ್ತೆ ತಿರುಗಬೇಕು. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗವೇ ಇಲ್ಲ. ತಿರುಗುವವನ ನೆತ್ತಿಗೆ ಸರಿಯಾಗಿ ಮೇಲೆ ಬುರುಜು. ಕಂದಕದ ಎರಡು ಮಗ್ಗುಲಿಗೂ ಕಲ್ಲು ಕಟ್ಟಿ ನೆಟ್ಟಗೆ ನಿಲ್ಲಿಸಿದ್ದರು. ಒಳಗೆ ಇಳಿದವನು ಸುಲಭವಾಗಿ ಹತ್ತಿ ಬರುವ ಮಾತೇ ಇಲ್ಲ. ಬೆಟ್ಟವಿಲ್ಲದ ಕಡೆ ಬೆಟ್ಟದ ಕೆಲಸವನ್ನು ಒಂದು ಹಳ್ಳದಿಂದ ಮಾಡಿಸಿಕೊಂಡಿದ್ದರು.

ಆದರೆ ಕಂದಕದ ತಳ ನನಗೆ ತಲೆನೋವಾಯಿತು. ನನ್ನ ಲೆಕ್ಕದಲ್ಲಿ ಅದು ಸುತ್ತಲೂ ಒಂದೇ ಮಟ್ಟ ಇರಬೇಕು. ಮಟ್ಟ ನೋಡುವ ದುರ್ಬೀನಿಟ್ಟು ನೋಡಿದರೆ ಕೆರೆಯ ಕಡೆಯ ಮೂಲೆಯಲ್ಲಿ ತಳ ಎತ್ತರ. ಅಲ್ಲಿಂದ ಎಡಕ್ಕೂ ಬಲಕ್ಕೂ ಇಳಿಯುತ್ತ ಹೋಗಿ, ಬಾಗಿಲ ಮುಂದೆ ಎಲ್ಲಕ್ಕಿಂತ ತಗ್ಗು. ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಎನಿಸಿತು. ಮತ್ತೆ ಅಳೆಯಲು ಎರಡು ದಿನ ಬೇಕು. ವೈಶಾಖದ ಬಿಸಿಲು, ಸರಪಳಿ ಹಿಡಿಯುವ ಆಳು ಬೇರೆ ಗೊಣಗುತ್ತಿದ್ದ. ಮಟ್ಟದ ಅಂಕಿ ಬರೆಯುವ ಲೆವೆಲ್ ಬುಕ್ಕಿಗೆ ರಬ್ಬರು ಮುಟ್ಟಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಾನು ರಬ್ಬರು ತೆಗೆದುಕೊಂಡು ಅಷ್ಟೂ ಅಂಕಿಗಳನ್ನು ಉಜ್ಜಿ, ತಳವನ್ನು ಸಪಾಟು ಮಾಡಿಬಿಟ್ಟೆ. ನಕ್ಷೆಯ ಮೇಲೆ ‘ಒಣಗಿದ ಕಂದಕ’ ಎಂದು ದುಂಡಗೆ ಬರೆದೆ. ಸಾಹೇಬರು ನೋಡಿ ಸಹಿ ಹಾಕಿದರು, ಕಾಗದ ಮೇಲಕ್ಕೆ ಹೋಯಿತು.

ಗಡಿ ಗುರುತಿಗೆ ಗೂಟ ಹೊಡೆಸುತ್ತಿದ್ದ ದಿನ ಒಬ್ಬ ಹೆಂಗಸು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕಂದಕದ ಹೊರದಂಡೆಗೆ ಅಂಟಿಕೊಂಡೇ ಅವಳ ತೋಟ: ಬದನೆ, ಸೊಪ್ಪು, ಎರಡು ಸಾಲು ಕನಕಾಂಬರ, ಒಂದು ಕಪಿಲೆ ಬಾವಿ. ಗಂಡ ಇರಲಿಲ್ಲ. ಜೋಡೆತ್ತನ್ನು ಬಾವಿಯ ಪಕ್ಕದ ಇಳಿಜಾರಿನಲ್ಲಿ ಹೊಡೆದು, ಹಗ್ಗ ಎಳೆಸಿ ಅವಳೇ ನೀರೆತ್ತಿ ಬೆಳೆಯುತ್ತಿದ್ದಳು.

“ಇಲ್ಯಾಕ್ ಗೂಟ ಹೊಡೀತಿದ್ದೀರ ಸ್ವಾಮಿ?”

“ಮುಚ್ಚೋದಕ್ಕಮ್ಮ. ಒಣಗಿದ ಹಳ್ಳ ತಾನೆ?”

“ಬಾಯಿ ಕಟ್ಟಿ ಕೂರಿಸಿದ್ರೆ ಯಾರಾದ್ರೂ ಒಣಗ್ತಾರೆ ಕಣಪ್ಪ” ಎಂದವಳೇ ಮೂಲೆಯ ಪೊದೆಗೆ ಕುಡುಗೋಲು ಹಾಕಿದಳು. ಹಿಂದೆ ಒಂದು ಕಿಂಡಿ ಇತ್ತು. ಅದನ್ನು ನಾನೂ ನೋಡಿದ್ದೆ.

“ನರಿ ಬಿಲ ಅಲ್ವೇ?” ಎಂದೆ.

“ಹೂಂ, ನರಿ ಉಳಿ ಹಿಡ್ಕಂಡು ಕಲ್ಲು ಕೆತ್ತಿ ಮನೆ ಕಟ್ಟೈತೆ, ನೋಡಿ!” ಬಗ್ಗಿ ನೋಡಿದೆ. ಹೂಳಿನ ಮೇಲೆ ನುಣ್ಣಗೆ ಕೆತ್ತಿದ ಚಪ್ಪಡಿ, ಎರಡು ಕಡೆಯೂ ಕಲ್ಲಿನ ಕಂಬ. ತೂಬು!

“ಕೆರೆ ಕೋಡಿ ಬಿದ್ರೆ ಕಾಲುವೆಯಾಗೆ ನೀರು ಇಲ್ಲಿಗೆ ಬರೋದು. ಇಲ್ಲಿಂದ ಒಂದು ಕವಲು ಇಂಗೆ, ಒಂದು ಅಂಗೆ. ಕೋಟೆ ಸುತ್ತಾಕ್ಕಂಡು ಹೋಗಿ ಬಾಗ್ಲು ಮುಂದೆ ಕೂಡೋದು. ನಾನು ಮದ್ವೆಯಾಗಿ ಬಂದ ಹೊಸದ್ರಾಗೆ ಕಣ್ಣಾರೆ ನೋಡಿವ್ನಿ. ಆಗ ನಮ್ಮೆತ್ತು ನಾಕು ಹೆಜ್ಜೆ ಇಳಿದ್ರೆ ಬಾವಿ ನೀರು ಮೇಲಕ್ಕೆ ಬರೋದು. ಕಾಲುವೆ ಹೂತೋದ್ ಮೇಲೆ ಕೊನೇ ತಂಕ ಇಳೀಬೇಕು. ಇದ್ನೂ ಮುಚ್ಬುಟ್ರೆ ನನ್ನ ಬಾವಿ ಸತ್ತೋಯ್ತದೆ.” ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: “ಸರ್ಕಾರ ಮುಚ್ತೀನಿ ಅಂದ್ರೆ ನಾನ್ ಹೆಂಗೆ ತಡೀಲಿ? ಒಣಗಿದ್ದು ಅಂತ ಮಾತ್ರ ಬರೀಬ್ಯಾಡಿ.”

ನನಗೆ ಭೂಮಿಗೆ ಇಳಿದುಹೋದಂತಾಯಿತು. ಅವಳು ಬಾಯಲ್ಲಿ ಹೇಳಿದ್ದು ಅಕ್ಷರಶಃ ನಾನು ಉಜ್ಜಿ ಹಾಕಿದ ಅಂಕಿಗಳೇ. ನೀರು ಬರುವ ಮೂಲೆ ಎತ್ತರ, ಎರಡು ಕಡೆಗೂ ಇಳಿಜಾರು, ಶತ್ರು ಬರುವ ಬಾಗಿಲ ಮುಂದೆ ಆಳ. ನನ್ನ ಅಳತೆ ಸರಿಯಾಗಿಯೇ ಇತ್ತು, ಸುಳ್ಳಾಗಿದ್ದವನು ನಾನು. ಅವಳ ಬಾವಿ ಉಳಿಯಬೇಕಾದರೆ ನಾನು ಮಾಡಿದ್ದನ್ನು ಒಪ್ಪಿಕೊಳ್ಳಬೇಕು. ಲೆವೆಲ್ ಬುಕ್ಕು ತಿದ್ದಿದವನನ್ನು ಇಲಾಖೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಮೂರು ದಿನ ಊಟ ಸೇರಲಿಲ್ಲ. ತಾಯಿಯ ಮುಖ, ತಂಗಿಯರ ಮುಖ ನೆನೆಸಿಕೊಂಡು ಸುಮ್ಮನಿದ್ದುಬಿಡೋಣ ಎಂದು ಎಷ್ಟು ಸಲ ಅಂದುಕೊಂಡೆನೋ. ಆದರೆ ಆ ದಾರಿಯಲ್ಲಿ ಹೋದಾಗಲೆಲ್ಲ ಅವಳ ಎತ್ತುಗಳು ಇಳಿಜಾರಿನ ಕೊನೆಯ ತನಕ ಹೋಗಿ ಏದುಸಿರು ಬಿಡುವುದು ಕಾಣುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಸಾಹೇಬರು ಇಳಿದುಕೊಂಡಿದ್ದ ಬಂಗಲೆಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ಉಜ್ಜಿದ ಗುರುತುಗಳನ್ನು ಓದಿದರು. ಪೇಟ ಇಟ್ಟುಕೊಂಡು, ಬೂಟು ಹಾಕಿಕೊಂಡು ಹೊರಟರು. ಆ ದಿನವೆಲ್ಲ ದುರ್ಬೀನಿಗೆ ಕಣ್ಣಿಟ್ಟವರು ಅವರು, ಕಂದಕದಲ್ಲಿ ಅಳತೆ ಕೋಲು ಹಿಡಿದು ನಿಂತವನು ನಾನು. ನನ್ನ ಮೊದಲಿನ ಅಂಕಿಗಳೇ ಬಂದವು. ಆ ಹೆಂಗಸನ್ನು ಕರೆಸಿ ತೂಬಿನ ವಿಷಯ ಕೇಳಿದರು, ಅವಳ ಬಾವಿಗೆ ಬಗ್ಗಿ ನೋಡಿದರು. ವಾಪಸು ಬರುವಾಗ ಒಂದೇ ಮಾತು: “ಕಟ್ಟಿದವನು ನಿನಗಿಂತ ಚೆನ್ನಾಗಿ ಮಟ್ಟ ನೋಡಿದ್ದಾನಪ್ಪ. ಅವನ ಹತ್ತಿರ ರಬ್ಬರು ಇರಲಿಲ್ಲ ಅಂತ ಕಾಣುತ್ತೆ.”

ಸಂತೆ ಮಾಳ ಊರಿನ ಇನ್ನೊಂದು ಕಡೆಗೆ ಹೋಯಿತು. ಕಾಲುವೆಯ ಹೂಳು ತೆಗೆಸಿದರು. ಎರಡು ಮಳೆಗಾಲ ಕಳೆದು ಕೆರೆ ಕೋಡಿ ಬಿದ್ದಾಗ ಕಂದಕಕ್ಕೆ ನೀರು ಬಂತು. ಆ ಹೆಂಗಸು ಬುಟ್ಟಿ ತುಂಬ ಬದನೆಕಾಯಿ ಹೊತ್ತುಕೊಂಡು ಹೋಗಿ ಕೊಟ್ಟದ್ದು ಸಾಹೇಬರಿಗೆ. ನನಗೆ ಒಂದು ಕಾಯಿಯೂ ಇಲ್ಲ. ಅವಳ ಲೆಕ್ಕದಲ್ಲಿ ನಾನು ಗೂಟ ಹೊಡೆಯುವವನು, ಅಷ್ಟೇ. ನನಗೆ ಬೇಜಾರಿಲ್ಲ. ಒಣಗಿದ್ದು ಅಂತ ಬರೀಬ್ಯಾಡಿ ಎಂದು ಅವಳು ಹೇಳದೆ ಹೋಗಿದ್ದರೆ, ಮುಂದೆ ಮೂವತ್ತು ವರ್ಷ ಅದೆಷ್ಟು ಪುಟಗಳನ್ನು ಉಜ್ಜುತ್ತಿದ್ದೆನೋ. ಅವಳ ಋಣ ನನ್ನ ಮೇಲಿದೆ.

ಸಾಹೇಬರ ಋಣ ಬೇರೆ ಥರದ್ದು. ಮತ್ತೆ ಅಳತೆ ಮಾಡಿದ ಆ ದಿನ ಸಂಜೆಯೇ ಮೇಲಿನ ಕಚೇರಿಗೆ ಅವರು ಬರೆದ ಕಾಗದವನ್ನು ಶುದ್ಧಪ್ರತಿ ಮಾಡಲು ನನಗೇ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಕೋಟೆಯ ವಿವರ, ತೂಬಿನ ವಿವರ, ಬಾವಿಯ ವಿವರ. ಕೊನೆಯಲ್ಲಿ ಒಂದು ಸಾಲು: ‘ಮಟ್ಟದ ಅಂಕಿಗಳನ್ನು ಸ್ಥಳದಲ್ಲಿ ತಾಳೆ ನೋಡದೆ ನಕ್ಷೆಗೆ ಸಹಿ ಹಾಕಿದ್ದು ನನ್ನ ತಪ್ಪು.’ ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಅವರ ಬಡ್ತಿಯ ಕಾಗದ ಆಗ ಬೆಂಗಳೂರಿನಲ್ಲಿದೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಕೈ ನಿಂತಿತು.

“ಯಾಕೆ, ಅಕ್ಷರ ತಿಳಿಯಲಿಲ್ಲವೇ?” ಎಂದರು.

“ಇದು ನನ್ನ ತಪ್ಪು, ಸಾರ್.”

“ನಿನ್ನದನ್ನು ನೀನು ಬೆಳಿಗ್ಗೆ ಹೇಳಿ ಆಯಿತಲ್ಲ. ಇದು ನನ್ನದು. ಬರೆ.”

ಬರೆದೆ. ಕಣ್ಣು ಮಂಜಾಗಿ ಆ ಸಾಲು ಕೆಟ್ಟು, ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಬರೆದೆ. ಆ ವರ್ಷ ನನ್ನ ಕೆಲಸ ಕಾಯಂ ಆಯಿತು. ಸಾಹೇಬರಿಗೆ ಬಡ್ತಿ ಬರಲಿಲ್ಲ.