ಒಂದೇ ತಾಟು, ಎರಡು ಸೂಜಿ

ಆಳಂದದ ಆಸ್ಪತ್ರೆಯೊಂದರಲ್ಲಿ ನಾನು ಆಯಾ ಆಗಿದ್ದಾಗ ಎಚ್‌ಐವಿ ಎಂಬ ಹೆಸರು ನಮ್ಮ ಭಾಗಕ್ಕೆ ಹೊಸದು. ಸರಸಂಬಾ ಕಡೆಯ ಲಾರಿ ಚಾಲಕನೊಬ್ಬ, ತನ್ನೊಡನೆ ವಾಸವಿದ್ದ ಗೆಳೆಯನ ಜೊತೆ ಒಂದೇ ಸೂಜಿಯಲ್ಲಿ ನಶೆಯ ಮದ್ದು ಚುಚ್ಚಿಕೊಳ್ಳುತ್ತಿದ್ದ. ಪರೀಕ್ಷೆ ಮಾಡಿದಾಗ ಇಬ್ಬರ ರಕ್ತದಲ್ಲೂ ರೋಗ ಕಾಣಲಿಲ್ಲ. ಫಲಿತಾಂಶ ಕೇಳಲು ಒಬ್ಬನೇ ಬಂದಿದ್ದ ಚಾಲಕನಿಗೆ, ಇನ್ನು ಮುಂದೆ ಬೇರೆ ಬೇರೆ ಸೂಜಿ ಬಳಸಿರೆಂದು ಹೇಳಿ ಡಾಕ್ಟರು ಹೋದ ಮೇಲೂ ಆತ ಬೆಂಚು ಬಿಟ್ಟು ಏಳಲಿಲ್ಲ.

“ಅಕ್ಕಾರ, ನಾವಿಬ್ರೂ ಗಂಡ ಹೆಂಡ್ತಿ ಇದ್ದಂಗ ಅದೀವ್ರಿ. ಬ್ಯಾರೆ ಸೂಜಿ ಅಂದ್ರ, ‘ನನ್ನ ಮ್ಯಾಲ ಸಂಶೆ ಬಂತೇನಲೇ’ ಅಂತ ಸಿಟ್ಟಾಗಿ ಬಿಟ್ಟ ಹೋಗ್ತಾನ.”

ಪರಪುರುಷರೊಡನೆ ಮಾತಿಗೆ ನಾಚುವ ನಾನು ನೆಲ ನೋಡುತ್ತ ಕೇಳಿದೆ: “ಒಂದ ತಾಟಿನ್ಯಾಗ ಉಣ್ತೀರೇನ್ರಿ?”

“ದಿನಾ ಉಣ್ತೇವ್ರಿ.”

“ಹಲ್ಲುಜ್ಜೋ ಬೇವಿನ ಕಡ್ಡಿ?”

“ಅದು ಬ್ಯಾರೆ ಬ್ಯಾರೆ ರೀ.”

“ಅದಕ್ಕ ಅಂವ ಬಿಟ್ಟ ಹೋಗ್ಯಾನೇನು? ಸೂಜಿನೂ ಹಂಗ ಅಂತ ಹೇಳ್ರಿ.”

ಆತ ನಕ್ಕು ಎದ್ದ.

ಮೂರು ತಿಂಗಳ ಮೇಲೆ ಇಬ್ಬರೂ ಮತ್ತೆ ಪರೀಕ್ಷೆಗೆ ಬಂದರು. ರಕ್ತ ಶುದ್ಧವಾಗಿಯೇ ಇತ್ತು. “ನಮ್ಮ ಮನಿ ಪಾಲ ಮಾಡಿದವ್ರು ನೀವ ಏನ್ರಿ?” ಎಂದು ಆ ಗೆಳೆಯ ನನ್ನನ್ನು ಛೇಡಿಸಿದ.

ಅವರಿಗೆ ಕೊಡಬೇಕಿದ್ದ ನಿರೋಧ್ ಕಾಂಡೋಮಿಗೆ ಮಾತ್ರ ನನಗೆ ಯಾವ ಹೋಲಿಕೆಯೂ ಹೊಳೆಯಲಿಲ್ಲ. ಪೊಟ್ಟಣವನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಿಟಕಿ ನೋಡುತ್ತ ಕೊಟ್ಟೆ.